ಘಟ್ಟದ ಮೇಲಿನವರ ಕಡಲು

(ಬ್ಯಾಕೋಡಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಸ್ಥಳೀಯ ಚರಿತ್ರೆಯ ಮೇಲೆ ಮಾತಾಡಬೇಕು ಎಂದು ಸಂಘಟಕರು ಹೇಳಿದ್ದರು. ನಾನು ಕಡಲ ತೀರದ ವಿಷಯ ಆರಿಸಿಕೊಂಡೆ ಎಂದಾಗ, ಘಟ್ಟದ ಮೇಲಿನ ಬ್ಯಾಕೋಡಿನಲ್ಲಿ ನಿಂತು ಕಡಲಿನ ಮಾತೇಕೆ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ ಇಷ್ಟು: ಕೆಳದಿಯ ಅರಸರ ಚರಿತ್ರೆಯನ್ನು ನಾವು ಕೆಳದಿ, ಇಕ್ಕೇರಿ, ನಗರ ಎಂಬ ಮೂರು ಊರುಗಳಲ್ಲಿ ಮುಗಿಸಿಬಿಡುತ್ತೇವೆ. ಆ ಚರಿತ್ರೆಯ ಅರ್ಧ ಪಾಲು ಘಟ್ಟದ ಕೆಳಗಿದೆ. ಮಿರ್ಜಾನಿನಿಂದ ಹೊಸದುರ್ಗದವರೆಗೆ, ಉಪ್ಪುಗಾಳಿ ಬಡಿಯುವ ಕೆಂಪು ಕಲ್ಲಿನ ಗೋಡೆಗಳಲ್ಲಿದೆ. ಆ ಅರ್ಧವನ್ನು ಕಣ್ಣಿಂದ ನೋಡದೆ ಇಲ್ಲಿನ ಅರ್ಧ ತಿಳಿಯುವುದಿಲ್ಲ. ಹಾಗಾಗಿ ಇವತ್ತು ನಿಮ್ಮನ್ನು ಘಟ್ಟ ಇಳಿಸುವವನಿದ್ದೇನೆ.

ತಮ್ಮ ದೇಶದವರು ಹಿಂದೆ ಎಲ್ಲಿಯವರೆಗೆ ಹೋಗಿದ್ದರು ಎಂದು ಹುಡುಕಿಕೊಂಡು ಹೋಗಿ ನೋಡುವ ಪದ್ಧತಿ ಜಗತ್ತಿನ ಎಲ್ಲ ಕಡೆ ಇದೆ. ಪೋರ್ಚುಗಲ್ಲಿನಿಂದ ಬರುವ ಪ್ರವಾಸಿಗಳು ಕೊಚ್ಚಿಯ ಸೇಂಟ್ ಫ್ರಾನ್ಸಿಸ್ ಚರ್ಚಿಗೆ ತಪ್ಪದೆ ಹೋಗುತ್ತಾರೆ. ವಾಸ್ಕೋ ಡ ಗಾಮ 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡಾಗ ಅವನನ್ನು ಅಲ್ಲಿ ಹೂಳಿದ್ದರು. ಕೆಲವು ವರ್ಷಗಳ ಮೇಲೆ ದೇಹವನ್ನು ಸ್ವದೇಶಕ್ಕೆ ಒಯ್ದರು. ಈಗ ಉಳಿದಿರುವುದು ಖಾಲಿ ಸಮಾಧಿಯ ಕಲ್ಲು. ಅದನ್ನು ನೋಡಲೂ ಅಷ್ಟು ದೂರದಿಂದ ಬರುತ್ತಾರೆ. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿ ಅವನು ಇಳಿದಿದ್ದ ಎಂಬ ಪ್ರತೀತಿ ಇರುವುದರಿಂದ ಅಲ್ಲಿಗೂ ದೋಣಿ ಹತ್ತುತ್ತಾರೆ. ನಾವು ಕನ್ನಡಿಗರು ಮಾತ್ರ ಕರಾವಳಿಯ ಚರಿತ್ರೆಯನ್ನು ಓದುವಾಗ ಬಂದವರ ಲೆಕ್ಕ ಇಡುತ್ತೇವೆ: ಅರಬರು ಬಂದರು, ಪೋರ್ಚುಗೀಸರು ಬಂದರು, ಡಚ್ಚರು ಬಂದರು, ಇಂಗ್ಲಿಷರು ಬಂದರು. ನಮ್ಮವರು ಎಲ್ಲಿಗೆ ಹೋದರು ಎಂಬ ಲೆಕ್ಕವನ್ನು ಬರೆದಿಡುವ ಅಭ್ಯಾಸ ನಮಗಿಲ್ಲ.

ಹೋದವರು ಇರಲಿಲ್ಲವೆಂದಲ್ಲ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ನೆಲದಲ್ಲಿ ಅಡ್ಡಬಿದ್ದ ಅರಸರ ಚಿತ್ರಗಳನ್ನು ನೀವೆಲ್ಲ ತುಳಿಯದೆ ದಾಟಿದ್ದೀರಿ. ಆ ಮನೆತನದ ದೊಡ್ಡ ಸಂಕಣ್ಣ ನಾಯಕ ಗದ್ದುಗೆಯನ್ನು ಬಿಟ್ಟು ಉತ್ತರದೇಶದ ತೀರ್ಥಗಳನ್ನೆಲ್ಲ ತಿರುಗಿದ, ದಿಲ್ಲಿಯಲ್ಲಿ ಅಂಕುಶಖಾನನೆಂಬ ಜಟ್ಟಿಯನ್ನು ಗೆದ್ದ ಎಂದು ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ಹೇಳುತ್ತದೆ. ಕಾವ್ಯದ ಅಲಂಕಾರವನ್ನು ಕಳೆದರೂ, ಇಕ್ಕೇರಿಯಂಥ ಕಾಡೂರಿನ ಜನ ತಮ್ಮ ಅರಸನನ್ನು ತಿರುಗಾಡಿಯಾಗಿ ನೆನೆದರು ಎಂಬುದು ಉಳಿಯುತ್ತದೆ. ಆದರೆ ನಾನು ಹೇಳಬೇಕೆಂದಿರುವುದು ಉತ್ತರದ ದಾರಿಯನ್ನಲ್ಲ, ಪಡುವಣದ ದಾರಿಯನ್ನು.

ಮೊದಲು ಆ ದಾರಿಯಲ್ಲಿ ಕೆಳಗಿನಿಂದ ಮೇಲಕ್ಕೆ ಬಂದ ಒಬ್ಬನ ಮಾತು ಹೇಳುತ್ತೇನೆ. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ 1586ರಲ್ಲಿ ಹುಟ್ಟಿದವನು. ತುರ್ಕಿ, ಈಜಿಪ್ಟ್, ಪರ್ಷಿಯಾಗಳನ್ನು ಸುತ್ತಿ ಭಾರತಕ್ಕೆ ಬಂದ. ಬಾಗ್ದಾದಿನಲ್ಲಿ ಮದುವೆಯಾಗಿದ್ದ ಹೆಂಡತಿ ಮಆನಿ 1621ರ ಕೊನೆಯಲ್ಲಿ ಪರ್ಷಿಯಾದ ತೀರದಲ್ಲಿ ಜ್ವರದಿಂದ ಸತ್ತಿದ್ದಳು. ಕೆಡದಂತೆ ಮಾಡಿಸಿದ ಅವಳ ದೇಹವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡೇ ಅವನು ಸಮುದ್ರ ದಾಟಿದ. 1623ರಲ್ಲಿ ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ರಾಯಭಾರಿಯನ್ನು ಕಳಿಸಿದಾಗ ಇವನೂ ಜೊತೆಗೂಡಿದ. ಗೋವೆಯಿಂದ ಸಮುದ್ರದ ಮೇಲೆ ಹೊನ್ನಾವರ, ಅಲ್ಲಿಂದ ದೋಣಿಯಲ್ಲಿ ಶರಾವತಿಯ ಹರಿವಿಗೆ ಎದುರಾಗಿ ಗೇರುಸೊಪ್ಪೆ, ಗೇರುಸೊಪ್ಪೆಯಿಂದ ಕಾಲುದಾರಿ ಹಿಡಿದು ಗೋವರ್ಧನಗಿರಿ, ಅಲ್ಲಿಂದ ಇಕ್ಕೇರಿ. ನಿಮ್ಮ ಮನೆಯ ಹಿಂದೆ ನಿಂತಿರುವ ಹಿನ್ನೀರು ಯಾವ ಹೊಳೆಯದೋ, ಅದೇ ಹೊಳೆಯ ಕೆಳಗಿನ ತುದಿಯಿಂದ ಹೊರಟು ಅವನು ಮೇಲೆ ಬಂದ. ಹೊಳೆಯ ಎರಡೂ ದಂಡೆಯ ಕಾಡಿಗೆ ಮರುಳಾದ. ಘಟ್ಟವನ್ನು ತನ್ನ ದೇಶದ ಅಪೆನೈನ್ ಬೆಟ್ಟಗಳ ಪಕ್ಕದಲ್ಲಿಟ್ಟು ನೋಡಿದ, ಇಲ್ಲಿನ ಹಸಿರೇ ಹೆಚ್ಚು ಎಂದ.

ಅವನ ಕಾಗದಗಳಲ್ಲಿ ನನಗೆ ಬಹಳ ಪ್ರಿಯವಾದ ಭಾಗ ಅರಸರದ್ದಲ್ಲ. ಘಟ್ಟ ಹತ್ತಿದ ಮೇಲೆ ಒಂದು ದೇವಸ್ಥಾನದ ಜಗಲಿಯಲ್ಲಿ ಹುಡುಗರು ಕೂತು ಲೆಕ್ಕ ಕಲಿಯುವುದನ್ನು ಅವನು ನೋಡಿದ. ನೆಲದ ಮೇಲೆ ನಯವಾದ ಮರಳು ಹರಡಿ, ಒಬ್ಬ ರಾಗವಾಗಿ ಹೇಳಿದ್ದನ್ನು ಎಲ್ಲರೂ ರಾಗವಾಗಿ ಹೇಳುತ್ತ, ಬೆರಳಿನಿಂದ ಬರೆಯುತ್ತಿದ್ದರು. ನೆಲ ತುಂಬಿತೆಂದರೆ ಮತ್ತೆ ಮರಳು ಹರಡಿ ಮುಂದಿನದನ್ನು ಬರೆಯುತ್ತಿದ್ದರು. ಅವರ ಎದುರು ಮೇಷ್ಟ್ರು ಇರಲಿಲ್ಲ. ಮರೆತರೆ ಹೇಳಿಕೊಡುವವರು ಯಾರು ಎಂದು ಅವನು ಕೇಳಿದ. ನಾವೆಲ್ಲರೂ ಒಟ್ಟಿಗೆ ಒಂದೇ ಕಡೆ ಮರೆಯುವುದು ಹೇಗೆ ಸಾಧ್ಯ ಎಂದು ಹುಡುಗರು ಉತ್ತರ ಕೊಟ್ಟರು. ಕಾಗದವಾಗಲಿ ಶಾಯಿಯಾಗಲಿ ವ್ಯರ್ಥವಾಗದ ಈ ಪಾಠವನ್ನು ಅವನು ಮೆಚ್ಚಿ ನೇಪಲ್ಸಿನ ಗೆಳೆಯನಿಗೆ ಬರೆದು ಕಳಿಸಿದ. ನಾನೂರು ವರ್ಷದ ಹಿಂದಿನ ಮಲೆನಾಡಿನ ಮಕ್ಕಳ ದನಿ ಒಬ್ಬ ಇಟಲಿಯವನ ಕಾಗದದಲ್ಲಿ ಉಳಿದಿದೆ. ನಮ್ಮ ಯಾವ ಶಾಸನವೂ ಅದನ್ನು ಉಳಿಸಿಲ್ಲ.

ರಾಯಭಾರ ಬಂದದ್ದು ಏತಕ್ಕೆ? ಎರಡು ಕಾರಣಕ್ಕೆ. ಮಂಗಳೂರಿನ ಕಡೆಯ ಬಂಗ ಅರಸ ಪೋರ್ಚುಗೀಸರ ಸ್ನೇಹಿತ. ಅವನ ಸೀಮೆಯನ್ನು ವೆಂಕಟಪ್ಪ ನಾಯಕ ಕಸಿದುಕೊಂಡಿದ್ದ. ಇನ್ನೊಂದು, ಮೆಣಸು. ಎರಡನೆಯದನ್ನು ಈ ಸಭೆಗೆ ವಿವರಿಸುವ ಅಗತ್ಯವಿಲ್ಲ. ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯಿಂದ ಕೊಯ್ದು, ಕಾಲಿನಿಂದ ತುಳಿದು, ಅಂಗಳದಲ್ಲಿ ಒಣಗಿಸಿ, ಮಳೆ ಮೋಡ ಕಂಡಾಗ ಓಡಿ ಬಂದು ಬಾಚಿಕೊಳ್ಳುವವರು ನೀವೇ. ಆ ಕರಿಯ ಕಾಳಿಗಾಗಿ ಯುರೋಪಿನ ಹಡಗುಗಳು ಆಫ್ರಿಕಾವನ್ನು ಬಳಸಿ ಬಂದವು. ಗೇರುಸೊಪ್ಪೆಯ ಚೆನ್ನಭೈರಾದೇವಿ 1552ರಿಂದ 1606ರವರೆಗೆ, ಐವತ್ತು ವರ್ಷಕ್ಕೂ ಮೇಲೆ, ಅದೇ ಕಾಳಿನ ಬಲದಿಂದ ಆಳಿದಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಕೋಗಾರಿನ ಕಡೆ ಕಾಡಿನ ನಡುವೆ ಇರುವ ಕಾನೂರು ಕೋಟೆಯನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಅವಳ ಮೆಣಸನ್ನು ಅಲ್ಲಿ ಕೂಡಿಡುತ್ತಿದ್ದರು ಎಂದು ಆ ಕಡೆಯ ಜನ ಹೇಳುತ್ತಾರೆ. 1606ರಲ್ಲಿ ಅವಳನ್ನು ಸೋಲಿಸಿ ಇಕ್ಕೇರಿಯಲ್ಲಿ ಸೆರೆಯಿಟ್ಟವನು ಇದೇ ವೆಂಕಟಪ್ಪ ನಾಯಕ. ಕೆಳದಿಯವರು ಕಡಲಿಗೆ ಇಳಿದ ಕಥೆಯ ಒಂದು ದೊಡ್ಡ ಮೆಟ್ಟಿಲು ಒಬ್ಬ ಮುದುಕಿಯ ಸೆರೆಮನೆ ಎಂಬುದನ್ನು ಮರೆಯದಿರೋಣ. ನಮ್ಮ ಅರಸರ ಹೊಗಳಿಕೆಯಲ್ಲಿ ಅವಳ ಹೆಸರು ಅಡಗಿಹೋಗಬಾರದು.

ದೆಲ್ಲಾ ವಾಲ್ಲೆ ಇಕ್ಕೇರಿಯಿಂದ ಘಟ್ಟ ಇಳಿದು ಬಸರೂರಿಗೆ ಹೋದ, ಅಲ್ಲಿಂದ ಮಂಗಳೂರಿಗೆ. ಉಳ್ಳಾಲದ ರಾಣಿ ಅಬ್ಬಕ್ಕನನ್ನು ಕಂಡ. ಆಳುಗಳು ನೀರಿಗೆ ಕಾಲುವೆ ತೋಡುವ ಕಡೆ ಅವಳು ಬರಿಗಾಲಿನಲ್ಲಿ ನಡೆದು ಬಂದು ಕೆಲಸ ನೋಡುತ್ತಿದ್ದಳಂತೆ. ಆ ರಾಣಿ ಪೋರ್ಚುಗೀಸರ ವಿರುದ್ಧ ವೆಂಕಟಪ್ಪ ನಾಯಕನ ಜೊತೆಗೆ ನಿಂತವಳು. ಘಟ್ಟದ ಮೇಲಿನ ಇಕ್ಕೇರಿಗೂ ಉಳ್ಳಾಲದ ಅಳಿವೆಗೂ ಇಂಥ ನಂಟು ಇತ್ತು. ಇವತ್ತು ಇಕ್ಕೇರಿಯ ಶಾಲೆಯ ಮಗುವಿಗೆ ಅಬ್ಬಕ್ಕನ ಹೆಸರು ಗೊತ್ತು. ಅವಳಿಗೂ ತನ್ನೂರಿಗೂ ಇದ್ದ ಸಂಬಂಧ ಗೊತ್ತಿಲ್ಲ.

ಇನ್ನು ನಮ್ಮವರು ಇಳಿದ ಕಥೆ. ಸದಾಶಿವ ನಾಯಕನ ಕಾಲಕ್ಕೆ ವಿಜಯನಗರದವರು ಬಾರಕೂರು, ಮಂಗಳೂರು ಸೀಮೆಗಳ ಆಡಳಿತವನ್ನು ಕೆಳದಿಯವರಿಗೆ ಒಪ್ಪಿಸಿದ್ದರು. ವಿಜಯನಗರ ಬಿದ್ದ ಮೇಲೆ ಅದು ಇವರದ್ದೇ ಆಯಿತು. 1645ರಲ್ಲಿ ಪಟ್ಟಕ್ಕೆ ಬಂದ ಶಿವಪ್ಪ ನಾಯಕ ಹದಿನೈದು ವರ್ಷ ಆಳಿದ. ಅವನ ‘ಶಿಸ್ತು’ ನಮಗೆ ಗೊತ್ತು: ಹೊಲ ಗದ್ದೆ ತೋಟಗಳನ್ನು ಅಳೆಸಿ, ಮಣ್ಣಿನ ಗುಣ ನೋಡಿ ಕಂದಾಯ ಕಟ್ಟಿಸಿದವನು. ಸಮುದ್ರದ ಕಡೆ ಅವನು ಮಾಡಿದ್ದು ಅಷ್ಟು ಪ್ರಸಿದ್ಧವಲ್ಲ. 1650ರ ದಶಕದ ಮೊದಲ ವರ್ಷಗಳಲ್ಲಿ ಗಂಗೊಳ್ಳಿ, ಬಸರೂರು, ಮಂಗಳೂರು, ಹೊನ್ನಾವರದ ಪೋರ್ಚುಗೀಸ್ ಕೋಟೆಗಳು ಒಂದೊಂದಾಗಿ ಅವನ ಕೈಸೇರಿದವು. ಗೋವೆ ಉಣ್ಣುತ್ತಿದ್ದುದು ಈ ಕರಾವಳಿಯ ಅಕ್ಕಿಯನ್ನು. ಬಸರೂರು, ಮಂಗಳೂರುಗಳಿಂದ ಅಕ್ಕಿಯ ಹಡಗುಗಳು ಮಸ್ಕತ್ತಿನವರೆಗೆ ಹೋಗುತ್ತಿದ್ದವು. ಮೇಲಿನಿಂದ ಹೇರೆತ್ತುಗಳ ಮೇಲೆ ಮೆಣಸು, ಅಡಿಕೆ, ಏಲಕ್ಕಿ ಇಳಿಯುತ್ತಿತ್ತು. ಕೆಳಗಿನಿಂದ ಉಪ್ಪು, ತೆಂಗು, ಒಣಮೀನು ಹತ್ತುತ್ತಿತ್ತು. ಬಸರೂರು ಎಷ್ಟು ಸಿರಿವಂತ ಊರಾಗಿತ್ತೆಂದರೆ, 1665ರ ಫೆಬ್ರವರಿಯಲ್ಲಿ ಶಿವಾಜಿ ಮಹಾರಾಜ ಮಾಲ್ವಣದಿಂದ ತಾನೇ ಹಡಗು ಹತ್ತಿ ಬಂದು ಅದನ್ನು ಸೂರೆ ಮಾಡಿದ. ಇಂದು ಬಸರೂರಿಗೆ ಹೋಗಿ ನೋಡಿ. ದೊಡ್ಡ ದೇವಸ್ಥಾನಗಳು, ಕೆರೆಗಳು, ಶಾಸನಗಳು ಇವೆ; ಬಂದರು ಇತ್ತೆಂದು ಹೇಳಿದರೆ ಮಾತ್ರ ನಂಬಬೇಕು, ಹೊಳೆ ಅಷ್ಟು ಮೌನವಾಗಿದೆ.

ಹೊನ್ನಾವರದ ಎದುರು ಸಮುದ್ರದಲ್ಲಿ ಬಸವರಾಜದುರ್ಗ ಎಂಬ ದ್ವೀಪವಿದೆ. ಮೇಲ್ಭಾಗ ಚಪ್ಪಟೆಯಾದ ಕೆಂಪು ಕಲ್ಲಿನ ನಡುಗಡ್ಡೆ, ಸುತ್ತ ಕೋಟೆಗೋಡೆ. ಬಸವಪ್ಪ ನಾಯಕನ ಹೆಸರು ಅದಕ್ಕೆ. ಈ ಬಸವಪ್ಪ ನಾಯಕನೇ ‘ಶಿವತತ್ತ್ವರತ್ನಾಕರ’ ಎಂಬ ಮಹಾಕೋಶವನ್ನು ಸಂಸ್ಕೃತದಲ್ಲಿ ರಚಿಸಿದವನು. ಮಲೆನಾಡಿನ ಅರಸನೊಬ್ಬನ ಹೆಸರಿನಲ್ಲಿ ಅರಬ್ಬೀ ಸಮುದ್ರದೊಳಗೆ ಒಂದು ದುರ್ಗ ನಿಂತಿದೆ ಎಂಬುದನ್ನು ಸುಮ್ಮನೆ ಒಮ್ಮೆ ಯೋಚಿಸಿ.

ಆದರೆ ನಿಮ್ಮಲ್ಲಿ ಯಾರಾದರೂ ಒಂದೇ ಜಾಗಕ್ಕೆ ಹೋಗಬಲ್ಲೆ, ಯಾವುದು ಹೇಳಿ ಎಂದರೆ ನಾನು ಬೇಕಲ ಎನ್ನುತ್ತೇನೆ.

ಕೊಲ್ಲೂರು ಇಳಿದು, ಬೈಂದೂರು ಕುಂದಾಪುರ ಮಂಗಳೂರು ದಾಟಿ, ತಲಪಾಡಿಯಲ್ಲಿ ರಾಜ್ಯದ ಗಡಿ ಕಳೆದರೆ ಮಂಜೇಶ್ವರ, ಕುಂಬಳೆ, ಕಾಸರಗೋಡು. ಕುಂಬಳೆಯ ಹತ್ತಿರ ಆರಿಕ್ಕಾಡಿಯ ಕೋಟೆ. ಚಂದ್ರಗಿರಿ ಎಂದೂ ಕರೆಯುವ ಪಯಸ್ವಿನಿ ಹೊಳೆಯ ದಂಡೆಯ ಮೇಲೆ ಚಂದ್ರಗಿರಿ ಕೋಟೆ. ಅದರ ತೆಂಕಿಗೆ ಬೇಕಲ, ಇನ್ನೂ ತೆಂಕಿಗೆ ಕಾಞಂಗಾಡಿನ ಹೊಸದುರ್ಗ. ಎಲ್ಲವೂ ಇಕ್ಕೇರಿಯವರ ಹೆಸರಿಗೆ ಸೇರಿದವು. ಬೇಕಲವನ್ನು ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ. ನಲವತ್ತು ಎಕರೆ ವಿಸ್ತಾರ. ಇವತ್ತಿನ ಕೇರಳದಲ್ಲಿ ಅದಕ್ಕಿಂತ ದೊಡ್ಡ ಕೋಟೆಯಿಲ್ಲ.

ಕೋಟೆಯ ಬಾಗಿಲಲ್ಲಿ ಮುಖ್ಯಪ್ರಾಣನ ಗುಡಿ ಇದೆ. ಅದನ್ನು ದಾಟಿ ಒಳಗೆ ಹೋದರೆ ಅರಮನೆಯ ಗೋಡೆಯಾಗಲಿ, ಕೆತ್ತನೆಯ ಕಂಬವಾಗಲಿ ಕಾಣುವುದಿಲ್ಲ. ಬರೀ ಹುಲ್ಲು, ಕೆಂಪು ಕಲ್ಲು, ಮೆಟ್ಟಿಲಿನ ಕೆರೆ, ಮದ್ದಿನ ಮನೆ, ನಡುವೆ ಇಳಿಜಾರು ಹತ್ತಿ ಹೋಗುವ ದೊಡ್ಡ ಬುರುಜು. ಅರಸ ಇರುವ ಮನೆ ಇದಲ್ಲ, ಕಾವಲುಗಾರನ ಮನೆ ಎಂದು ನೋಡಿದ ತಕ್ಷಣ ತಿಳಿಯುತ್ತದೆ. ಗೋಡೆಯ ಬಳಿ ಬಗ್ಗಿ ಕೋವಿಯ ಕಿಂಡಿಗಳನ್ನು ನೋಡಿದೆ. ಮೇಲಿನ ಸಾಲಿನ ಕಿಂಡಿಗೆ ಕಣ್ಣಿಟ್ಟರೆ ದೂರದ ಸಮುದ್ರ ಕಾಣುತ್ತದೆ. ಅದರ ಕೆಳಗಿನ ಸಾಲಿನದಕ್ಕೆ ಇಟ್ಟರೆ ದಡದ ಹತ್ತಿರದ ನೀರು. ಎಲ್ಲಕ್ಕಿಂತ ಕೆಳಗಿನದಕ್ಕೆ ಇಟ್ಟರೆ ಗೋಡೆಯ ಬುಡದ ಬಂಡೆ. ಹಡಗು ದೂರದಲ್ಲಿದ್ದಾಗ ಒಂದು, ದೋಣಿ ಇಳಿಸಿದಾಗ ಒಂದು, ಏಣಿ ಹಾಕಿದಾಗ ಒಂದು. ಕಲ್ಲನ್ನು ಇಷ್ಟು ಲೆಕ್ಕ ಹಾಕಿ ಓರೆಯಾಗಿ ಕೊರೆದವರಿಗೆ ಸಮುದ್ರದಿಂದ ಬರುವ ವೈರಿಯ ಒಂದೊಂದು ಹೆಜ್ಜೆಯೂ ಗೊತ್ತಿತ್ತು. ಕಾಡಿನಿಂದ ಬಂದವರು ಕಡಲನ್ನು ಕಲಿತಿದ್ದರು. ಆ ಕಲ್ಲು ನಮ್ಮ ಸಾಗರದ ಕಡೆ ಮನೆ ಕಟ್ಟುವ ಜಂಬಿಟ್ಟಿಗೆಯೇ. ನೆಲದೊಳಗೆ ಇದ್ದಾಗ ಮೆತ್ತಗೆ, ಕಡಿದು ಗಾಳಿಗಿಟ್ಟರೆ ಗಟ್ಟಿ. ಮಲೆನಾಡಿನ ಕಲ್ಲುಕುಟಿಗನಿಗೆ ಆ ತೀರದಲ್ಲಿ ಹೊಸ ಪಾಠ ಬೇಕಾಗಿರಲಿಲ್ಲ.

ಬೇಕಲ ಈಗ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ದಿನವೂ ನೂರಾರು ಜನ ಬರುತ್ತಾರೆ. ಮಣಿರತ್ನಂ ಅವರ ‘ಬಾಂಬೆ’ ಸಿನಿಮಾದ ಹಾಡಿನ ಚಿತ್ರೀಕರಣ ಅಲ್ಲಿ ನಡೆದದ್ದರಿಂದ ಹೆಚ್ಚಿನವರು ಅದನ್ನು ಹಾಡಿನ ಕೋಟೆಯೆಂದು ಗುರುತಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಕಟ್ಟಿಸಿದವನು ಯಾವ ಊರಿನವನು ಎಂದು ಅಲ್ಲಿ ಕೇಳಿದರೆ ಶಿವಪ್ಪ ನಾಯಕ, ಇಕ್ಕೇರಿ ಎಂದು ಉತ್ತರ ಬರುತ್ತದೆ. ಇಕ್ಕೇರಿ ಎಲ್ಲಿದೆ ಎಂದರೆ ಯಾರಿಗೂ ಗೊತ್ತಿಲ್ಲ. ಇಕ್ಕೇರಿಯವರನ್ನು ಬೇಕಲ ಎಲ್ಲಿ ಎಂದು ಕೇಳಿದರೂ ಹೀಗೆಯೇ. ನನ್ನನ್ನು ಕಾಡುವ ಸಂಗತಿ ಇದು.

ಆದರೆ ಅಲ್ಲಿ ಮರೆಯದವರು ಇದ್ದಾರೆ. ಬೇಕಲ, ಹೊಸದುರ್ಗ, ಕಾಸರಗೋಡುಗಳಲ್ಲಿ ರಾಮಕ್ಷತ್ರಿಯ ಸಮುದಾಯದ ಮನೆಗಳಿವೆ. ಕೋಟೆ ಕಾಯಲು ಇಕ್ಕೇರಿಯ ಅರಸರು ನೆಲೆಗೊಳಿಸಿದ ಕೋಟೆಗಾರರ ಸಂತತಿ ಅವರು. ಕೋಟೆ ಕೈ ಬದಲಾಯಿತು: ಹೈದರನದಾಯಿತು, ಟಿಪ್ಪುವಿನದಾಯಿತು, ಕಂಪನಿಯದಾಯಿತು. ಕಾವಲಿನವರು ಊರು ಬಿಡಲಿಲ್ಲ. ಸುತ್ತ ಮಲಯಾಳ, ತುಳು, ಮನೆಯೊಳಗೆ ಕನ್ನಡ. ಹೊಸದುರ್ಗದಲ್ಲಿ ಒಬ್ಬ ಹಿರಿಯ ತಾಯಿ ನನ್ನನ್ನು ಕೂರಿಸಿ ಬೆಲ್ಲ ನೀರು ಕೊಟ್ಟು, “ನೀವು ಯಾವ ಕಡೆಯವರು?” ಎಂದು ಕೇಳಿದರು. ಸಾಗರದ ಕಡೆ, ಇಕ್ಕೇರಿಯ ಹತ್ತಿರ ಎಂದೆ. ಅವರು ಸ್ವಲ್ಪ ಹೊತ್ತು ನೋಡಿ, “ನಮ್ಮ ಹಿರಿಯರೂ ಅಲ್ಲಿಂದಲೇ ಬಂದದ್ದಂತೆ. ಆ ಊರನ್ನು ನಾವು ಯಾರೂ ಕಂಡಿಲ್ಲ” ಎಂದರು. ನೋಡಲು ಬನ್ನಿ ಎಂದು ಕರೆದೆ. ಅವರ ಪ್ರಾಯಕ್ಕೆ ಆ ಪ್ರಯಾಣ ಸುಲಭವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆ ಕರೆಯನ್ನು ಅವರ ಮೊಮ್ಮಕ್ಕಳಿಗೆ ತಲುಪಿಸುವುದು ನಮ್ಮೆಲ್ಲರ ಕೆಲಸ.

ಈಗ ಕಠಿಣವಾದ ಮಾತು. ಬೇಕಲಕ್ಕೆ ಹೋಗಿ ಎದೆ ಉಬ್ಬಿಸಿ ಬರುವುದಷ್ಟೇ ಆದರೆ ಹೋಗದಿರುವುದು ಮೇಲು. ಆ ಕೋಟೆಗಳು ಅಲ್ಲಿನವರು ಕರೆದು ಕಟ್ಟಿಸಿಕೊಂಡವಲ್ಲ. ಚಂದ್ರಗಿರಿ ಹೊಳೆಯ ಆಚೆ ಕೋಲತ್ತಿರಿ ಅರಸರ ಸೀಮೆ, ನೀಲೇಶ್ವರದ ಅರಸರ ಸೀಮೆ. 1730ರ ದಶಕದಲ್ಲಿ ಎರಡನೆಯ ಸೋಮಶೇಖರ ನಾಯಕನ ಸೈನ್ಯ ಅಲ್ಲಿ ನುಗ್ಗಿ ಹೊಸದುರ್ಗವನ್ನು ಕಟ್ಟಿ ವರ್ಷಗಟ್ಟಲೆ ಹೋರಾಡಿತು; ತಲಶ್ಶೇರಿಯ ಇಂಗ್ಲಿಷ್ ಕಂಪನಿ ತನ್ನ ಮೆಣಸಿನ ವ್ಯಾಪಾರಕ್ಕೆ ಧಕ್ಕೆಯೆಂದು ನಡುವೆ ಬಂತು. ಆ ಕಾಲದ ಸುಡುವ ಊರುಗಳು, ಕೊಯ್ಲಿಗೆ ಬಂದ ಗದ್ದೆಯನ್ನು ಬಿಟ್ಟು ಓಡಿದ ಜನ ಯಾರ ವಿಜಯಕಾವ್ಯದಲ್ಲೂ ಇಲ್ಲ. ಕಲ್ಲು ಹೊತ್ತವರಿಗೆ ಕೂಲಿ ಸಿಕ್ಕಿತೋ ಬಿಟ್ಟಿ ದುಡಿದರೋ, ಗೋಡೆ ಹೇಳುವುದಿಲ್ಲ.

ಈ ಮಾತು ಬ್ಯಾಕೋಡಿನ ಜನಕ್ಕೆ ಅರ್ಥವಾದಷ್ಟು ಬೇರೆಯವರಿಗೆ ಆಗುವುದಿಲ್ಲ ಎಂದು ನಾನು ನಂಬಿದ್ದೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು 1819 ಅಡಿಯ ಗುರುತಿಗೆ ಏರಿದಾಗ ಗದ್ದೆ, ತೋಟ, ದೇವರ ಬನ, ಹಿರಿಯರ ಮಣ್ಣು ಎಲ್ಲ ಅಡಿಯಾಯಿತು. ರಾಜ್ಯಕ್ಕೆ ದೀಪ ಬಂತು. ನಿಮ್ಮ ಈ ಕರೂರು ಸೀಮೆ ಮೂರು ಕಡೆ ನೀರು, ಒಂದು ಕಡೆ ಘಟ್ಟ ಎಂಬಂತಾಯಿತು. ದೊಡ್ಡದೊಂದು ಕಟ್ಟಡ ಏಳುವಾಗ ಯಾರದೋ ನೆಲ ಹೋಗುತ್ತದೆ ಎಂಬುದನ್ನು ನೀವು ಓದಿ ತಿಳಿದವರಲ್ಲ, ಅನುಭವಿಸಿದವರು. ಹಾಗಾಗಿ ಬೇಕಲದ ಗೋಡೆಯನ್ನು ಎರಡೂ ಕಣ್ಣಿಂದ ನೋಡುವ ಯೋಗ್ಯತೆ ನಿಮಗಿದೆ. ಕಟ್ಟಿದವರ ಊರಿನವರೂ ನೀವೇ. ಕಳೆದುಕೊಂಡವರ ನೋವು ಬಲ್ಲವರೂ ನೀವೇ.

ಹಾಗಾದರೆ ನಮಗೂ ಕಡಲಿಗೂ ಇದ್ದ ನಂಟು ಕಡಿದದ್ದು ಯಾವಾಗ? ನೀರು ಕಡಿಯಿತು ಎಂದು ನಾವು ಸುಲಭವಾಗಿ ಹೇಳುತ್ತೇವೆ. ಕಡಿದದ್ದು ಗೆರೆ. 1763ರಲ್ಲಿ ಹೈದರಾಲಿ ಬಿದನೂರನ್ನು, ಅಂದರೆ ಇಂದಿನ ನಗರವನ್ನು, ಹಿಡಿದಾಗ ಘಟ್ಟವೂ ಕರಾವಳಿಯೂ ಒಟ್ಟಿಗೇ ಅವನ ವಶಕ್ಕೆ ಹೋದವು. ಅವನ ನೌಕಾಪಡೆಗೆ ಮಂಗಳೂರು ನೆಲೆಯಾಯಿತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿಯವರು ನಕ್ಷೆ ಹರಡಿ ಹಂಚಿಕೊಂಡರು. ಘಟ್ಟದ ಮೇಲೆ ಮೈಸೂರು ಸಂಸ್ಥಾನ. ಘಟ್ಟದ ಕೆಳಗೆ ಕಂಪನಿಯ ಕೆನರಾ ಜಿಲ್ಲೆ. 1862ರಲ್ಲಿ ಕೆನರಾವನ್ನೂ ಸೀಳಿ ಉತ್ತರದ ಪಾಲನ್ನು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಅಲ್ಲಿಂದ ಮುಂದೆ ಇಲ್ಲಿಯ ರೈತ ಭಟ್ಕಳದ ಕಡೆ ಇಳಿದರೆ ಮುಂಬೈ ಸರ್ಕಾರ, ಕುಂದಾಪುರದ ಕಡೆ ಇಳಿದರೆ ಮದರಾಸು ಸರ್ಕಾರ, ಮನೆಗೆ ಬಂದರೆ ಮೈಸೂರು ಸಂಸ್ಥಾನದ ಸರ್ಕಾರ. ಒಂದೇ ಹೊಳೆಯ ತಲೆ ಒಂದು ರಾಜ್ಯದಲ್ಲಿ, ಬಾಯಿ ಇನ್ನೊಂದರಲ್ಲಿ. ನಮ್ಮ ಕೋರ್ಟು, ಕಾಲೇಜು, ಕಚೇರಿ ಎಲ್ಲ ಶಿವಮೊಗ್ಗ, ಮೈಸೂರು, ಬೆಂಗಳೂರಿನ ಕಡೆ ತಿರುಗಿದವು. ಮುಖ ಮೂಡಲಾಯಿತು, ಬೆನ್ನು ಪಡುವಲಾಯಿತು.

1956ರ ನವೆಂಬರ್ 1ರಂದು ಈ ಮೂರು ಸರ್ಕಾರಗಳ ಕನ್ನಡಿಗರೂ ಒಂದಾದರು. ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಮಂಜೇಶ್ವರದ ಗೋವಿಂದ ಪೈಗಳ ಊರು, ಕಯ್ಯಾರ ಕಿಞ್ಞಣ್ಣ ರೈಗಳು ಹೋರಾಡಿದ ಊರು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿತು, ಅದು ಜಾರಿಯಾಗಲಿಲ್ಲ. 1984ರಲ್ಲಿ ಕಾಸರಗೋಡು ಕೇರಳದ ಒಂದು ಜಿಲ್ಲೆಯಾಯಿತು. ಗಡಿಯ ವಾದವನ್ನು ಈ ವೇದಿಕೆಯಲ್ಲಿ ಎತ್ತುವುದು ನನ್ನ ಉದ್ದೇಶವಲ್ಲ. ನನಗೆ ಮುಖ್ಯವೆನಿಸುವುದು, ಅಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳು ನಡೆಯುತ್ತಿವೆ, ಯಕ್ಷಗಾನದ ಮೇಳಗಳಿವೆ, ಕನ್ನಡದ ಪತ್ರ ಬರೆಯುವವರಿದ್ದಾರೆ. ಅವರಿಗೆ ನಮ್ಮಿಂದ ಭಾಷಣ ಬೇಕಿಲ್ಲ. ಬಂದು ಹೋಗುವ ನೆಂಟರು ಬೇಕು.

ನೆಂಟಸ್ತಿಕೆಗೆ ದಾರಿ ಬೇಕು, ದಾರಿ ಈಗ ಇದೆ. 2025ರ ಜುಲೈ 14ರಂದು ಶರಾವತಿಯ ಹಿನ್ನೀರಿನ ಮೇಲೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯಿತು. ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದ. ಲಾಂಚಿನ ಸಾಲಿನಲ್ಲಿ ಹೆರಿಗೆ ನೋವಿನ ಹೆಣ್ಣುಮಗಳನ್ನು ಕೂರಿಸಿಕೊಂಡು ಕಾದ ಸೀಮೆಗೆ ಆ ಸೇತುವೆ ಏನೆಂದು ಹೊರಗಿನವರು ಹೇಳಬೇಕಾಗಿಲ್ಲ. ಎಲ್ಲರೂ ಅದನ್ನು ಸಾಗರಕ್ಕೆ, ಶಿವಮೊಗ್ಗಕ್ಕೆ ಹೋಗುವ ಸೇತುವೆ ಎನ್ನುತ್ತಾರೆ. ಅದನ್ನು ಇನ್ನೊಂದು ದಿಕ್ಕಿನಿಂದಲೂ ನೋಡಿ. ಇಕ್ಕೇರಿ, ಕೆಳದಿಗಳಿಂದ ಹೊರಟ ಮಗು ಸೇತುವೆ ದಾಟಿ ಬ್ಯಾಕೋಡಿಗೆ ಬಂದರೆ, ನಿಟ್ಟೂರು, ನಾಗೋಡಿ, ಕೊಲ್ಲೂರಿನ ಮೇಲೆ ಮಧ್ಯಾಹ್ನದೊಳಗೆ ಬಸರೂರಿನಲ್ಲಿರುತ್ತದೆ. ಅರಸರ ರಾಜಧಾನಿಗೂ ಅವರ ಬಂದರಿಗೂ ನಡುವೆ ನಿಮ್ಮ ಊರು ಮತ್ತೆ ದಾರಿಯೂರಾಗಿದೆ.

ಈ ಹೋಬಳಿಯ ಮೇಷ್ಟ್ರುಗಳಲ್ಲಿ ನನ್ನದೊಂದು ಬಿನ್ನಹ. ಶಾಲೆಯ ಪ್ರವಾಸವೆಂದರೆ ಮೈಸೂರು, ಬೆಂಗಳೂರು ಎಂದು ಗೊತ್ತುಮಾಡಿಕೊಂಡಿದ್ದೇವೆ. ಒಂದು ವರ್ಷ ಅದನ್ನು ಪಡುವಲಿಗೆ ತಿರುಗಿಸಿ. ಮೊದಲ ದಿನ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ, ಕೆಳದಿಯಲ್ಲಿ ಗುಂಡಾ ಜೋಯಿಸರು ಕೂಡಿಹಾಕಿದ ಓಲೆಗರಿ, ಕಡತಗಳ ವಸ್ತುಸಂಗ್ರಹಾಲಯ. ಎರಡನೆಯ ದಿನ ಬಸರೂರು, ಮಂಗಳೂರು. ಮೂರನೆಯ ದಿನ ಚಂದ್ರಗಿರಿ, ಬೇಕಲ. ಅಲ್ಲಿ ಮಕ್ಕಳಿಗೆ ಕೋವಿಯ ಕಿಂಡಿಗೆ ಕಣ್ಣಿಡಲು ಹೇಳಿ. ಯಾಕೆ ಮೂರು ಬಗೆ ಎಂದು ಅವರೇ ಕಂಡುಹಿಡಿಯಲಿ. ಸಂಜೆ ಕಾಸರಗೋಡಿನ ಯಾವುದಾದರೊಂದು ಕನ್ನಡ ಶಾಲೆಯಲ್ಲಿ ಉಳಿದುಕೊಳ್ಳಿ. ಅಲ್ಲಿನ ಮಕ್ಕಳ ಜೊತೆ ಊಟ ಮಾಡಲಿ, ಆಡಲಿ, ವಿಳಾಸ ಬರೆದುಕೊಳ್ಳಲಿ. ಮರುವರ್ಷ ಅವರನ್ನು ಇಲ್ಲಿಗೆ ಕರೆಯಿರಿ, ಇಕ್ಕೇರಿಗೆ ಕರೆದುಕೊಂಡು ಹೋಗಿ. ಖರ್ಚಿನ ಪ್ರಶ್ನೆ ಬರುತ್ತದೆ. ದತ್ತಿ ಇಟ್ಟ ಹಿರಿಯರು ಮುಂದಿನ ವರ್ಷದಿಂದ ಉಪನ್ಯಾಸದ ಹಣದಲ್ಲಿ ಒಂದು ಪಾಲನ್ನು ಈ ಪ್ರವಾಸಕ್ಕೆ ತೆಗೆದಿಡಬೇಕೆಂದು ಕೇಳಿಕೊಳ್ಳುತ್ತೇನೆ. ನನಗೆ ಇವತ್ತು ಕೊಡುವ ಗೌರವಧನ ಅದರ ಮೊದಲ ಕಂತಾಗಲಿ. ಕೊಲ್ಲೂರಿನ ದಾರಿ ಮಳೆ ಕಳೆದ ಮೇಲೆ ಚೆನ್ನಾಗಿರುತ್ತದೆ. ಡಿಸೆಂಬರಿನಲ್ಲಿ ಹೊರಡಿ.